ಕಾಣದ ನೆರೆಯವರು ಮತ್ತು ಹಂಚಿಕೆಯ ಆಕಾಶ

ಒಬ್ಬರ ಬಳಕೆಯಿಂದ ಇನ್ನೊಬ್ಬರಿಗೆ ಆಗುವ ತೊಂದರೆ ಬಳಸುವವರ ಕಣ್ಣಿಗೂ ಕಿವಿಗೂ ಬೀಳದೆ ಹೋದಾಗ ಅದರ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಭಾರತದ ದರ್ಶನಗಳು, ಅದರಲ್ಲೂ ಜೈನ ದರ್ಶನ, ಬಹಳ ಹಿಂದೆಯೇ ಕೈಗೆತ್ತಿಕೊಂಡಿವೆ. ಮಣ್ಣಿನಲ್ಲಿ, ನೀರಿನಲ್ಲಿ, ಗಾಳಿಯಲ್ಲಿ ಕಣ್ಣಿಗೆ ನಿಲುಕದ ಜೀವಗಳು ತುಂಬಿಕೊಂಡಿವೆ ಎಂದು ಬಗೆದವರಿಗೆ ನಡೆಯುವುದು, ಮಾತಾಡುವುದು, ಒಂದು ವಸ್ತುವನ್ನು ಎತ್ತಿ ಇಡುವುದು ಕೂಡ ನೀತಿಯ ವಿಚಾರವೇ ಆಗಿತ್ತು. ಆ ಪ್ರಶ್ನೆ ಇಂದು ಯಾರೂ ಧರ್ಮದ ವಿಷಯವೆಂದು ನೆನೆಯದ ಒಂದು ಜಾಗದಲ್ಲಿ ಮತ್ತೆ ಎದುರಾಗಿದೆ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಾದರೂ ಫೋನಿನ ವೈ-ಫೈ ಪಟ್ಟಿಯನ್ನು ತೆರೆದರೆ ಮೇಲಿನ, ಕೆಳಗಿನ, ಅಕ್ಕಪಕ್ಕದ ಮನೆಗಳ ಜಾಲಗಳ ಹೆಸರುಗಳು ಸಾಲಾಗಿ ಕಾಣಿಸುತ್ತವೆ. ಮುಖ ನೋಡಿ ಮಾತಾಡಿಸದ ಈ ಮನೆಗಳೆಲ್ಲ ಒಂದೇ ಆಕಾಶವನ್ನು ಹಂಚಿಕೊಂಡಿರುತ್ತವೆ. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಚಾನೆಲ್, ಚಾನೆಲ್ಲಿನ ಅಗಲ, ಪ್ರಸಾರದ ಶಕ್ತಿ ಮತ್ತು ದೇಶ ಎಂದು ಕೇಳುವ ನಾಲ್ಕು ಆಯ್ಕೆಗಳು ನೋಡಲು ತಾಂತ್ರಿಕವಾದರೂ, ನಾಲ್ಕೂ ಬೇರೆಯವರ ಬಗ್ಗೆ ಮಾಡುವ ತೀರ್ಮಾನಗಳೇ ಆಗಿವೆ.

ಆಕಾಶವೆಂದರೆ ಏನು ಎಂಬಲ್ಲಿ ದರ್ಶನಗಳು ಒಂದೇ ಮಾತು ಹೇಳುವುದಿಲ್ಲ. ನ್ಯಾಯ–ವೈಶೇಷಿಕರ ಪ್ರಕಾರ ಆಕಾಶವು ಒಂದೇ ಒಂದು, ಎಲ್ಲೆಡೆ ವ್ಯಾಪಿಸಿದ್ದು, ನಿತ್ಯವಾದದ್ದು, ಶಬ್ದವೆಂಬ ವಿಶೇಷ ಗುಣಕ್ಕೆ ಆಶ್ರಯವಾದದ್ದು. ಅದರಲ್ಲಿ ಕಾಣುವ ಭೇದಗಳೆಲ್ಲ ಉಪಾಧಿಯಿಂದ, ಅಂದರೆ ಹೊರಗಿನಿಂದ ಬಂದ ಮೇರೆಗಳಿಂದ, ಉಂಟಾದವು. ಜೈನರಿಗೆ ಆಕಾಶದ ಕೆಲಸವೇ ಅವಗಾಹ, ಅಂದರೆ ಉಳಿದ ದ್ರವ್ಯಗಳಿಗೆ ಎಡೆ ಕೊಡುವುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಆಕಾಶದ ಈ ಉಪಕಾರವನ್ನು ಹೇಳಿದ ಸ್ವಲ್ಪ ಮುಂದೆಯೇ ಜೀವಗಳು ಪರಸ್ಪರರಿಗೆ ನೆರವಾಗುವುದೇ ಜೀವಗಳ ಉಪಕಾರವೆಂಬ ಮಾತು ಬರುತ್ತದೆ. ಕರ್ನಾಟಕದಲ್ಲಿ ಬಾಳಿದ ಪೂಜ್ಯಪಾದರು ಆ ಗ್ರಂಥಕ್ಕೆ ಬರೆದ ಸರ್ವಾರ್ಥಸಿದ್ಧಿ ಇಂದಿಗೂ ಅದರ ಮುಖ್ಯ ಟೀಕೆಗಳಲ್ಲಿ ಒಂದಾಗಿದೆ. ಹಿಂದಿನವರಿಗೆ ರೇಡಿಯೋ ತರಂಗ ಗೊತ್ತಿತ್ತೆಂದು ಇಲ್ಲಿ ವಾದಿಸುತ್ತಿಲ್ಲ. ಹಾಗೆ ವಾದಿಸುವುದು ದರ್ಶನಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಎಡೆ ಕೊಡುವ ಒಂದೇ ಆಕಾಶದಲ್ಲಿ ಅನೇಕರು ಹೇಗೆ ಇರಬೇಕು ಎಂಬುದನ್ನು ಅವರು ಎಷ್ಟು ಆಳವಾಗಿ ಯೋಚಿಸಿದರೆಂಬುದಷ್ಟೇ ಇಲ್ಲಿ ಪ್ರಸ್ತುತ.

ಒಂದು ಕೋಣೆಯಲ್ಲಿ ಹಲವು ದೀಪಗಳ ಬೆಳಕು ಒಂದನ್ನೊಂದು ತಳ್ಳದೆ ಒಟ್ಟಿಗೆ ಇರುವಂತೆ ಒಂದೇ ಎಡೆಯಲ್ಲಿ ಅನೇಕ ವಸ್ತುಗಳು ಇರಬಲ್ಲವು ಎಂದು ಜೈನ ಟೀಕಾಕಾರರು ನಿದರ್ಶನ ಕೊಡುತ್ತಾರೆ. ರೇಡಿಯೋ ತರಂಗಗಳ ವಿಷಯದಲ್ಲಿ ಇದು ಅಕ್ಷರಶಃ ನಿಜ, ಏಕೆಂದರೆ ಅವು ಕೂಡ ಕಣ್ಣಿಗೆ ಕಾಣದ ಬೆಳಕೇ. ಎರಡು ಮನೆಗಳ ರೂಟರುಗಳಿಂದ ಹೊರಟ ತರಂಗಗಳು ಗಾಳಿಯಲ್ಲಿ ಡಿಕ್ಕಿ ಹೊಡೆದು ಮುರಿದುಬೀಳುವುದಿಲ್ಲ, ಒಂದರೊಳಗೆ ಇನ್ನೊಂದು ಹಾದು ತನ್ನ ದಾರಿಯಲ್ಲಿ ಮುಂದೆ ಸಾಗುತ್ತದೆ. ಅಡಚಣೆ ಎಂದು ನಾವು ಕರೆಯುವುದು ನಡೆಯುವುದು ಗ್ರಹಿಸುವ ಕಡೆಯಲ್ಲಿ: ಫೋನಿನ ಅಥವಾ ಲ್ಯಾಪ್‌ಟಾಪಿನ ಆಂಟೆನಾಕ್ಕೆ ಎರಡೂ ಒಟ್ಟಾಗಿ ಬಂದು ಬಿದ್ದಾಗ, ಯಾವುದು ತನಗೆ ಬಂದ ಮಾತು, ಯಾವುದು ಅಲ್ಲ ಎಂದು ಬಿಡಿಸಿಕೊಳ್ಳಲು ಆ ಸಾಧನಕ್ಕೆ ಆಗುವುದಿಲ್ಲ. ಆದ್ದರಿಂದ ಕಳುಹಿಸುವವರು ತಮ್ಮ ಜಾಗದಲ್ಲಿ ಎಷ್ಟೇ ನೋಡಿಕೊಂಡರೂ ತಾವು ಮಾಡಿದ ಹಾನಿಯ ಗುರುತು ಅಲ್ಲಿ ಸಿಗುವುದಿಲ್ಲ. ಹಾನಿ ಇರುವುದು ಇನ್ನೊಬ್ಬರ ಕಿವಿಯಲ್ಲಿ. ಈ ಪ್ರಬಂಧದ ವಾದವೆಲ್ಲ ಈ ಒಂದು ಭೌತಿಕ ಸಂಗತಿಯ ಮೇಲೆ ನಿಂತಿದೆ.

ಈ ಆಕಾಶ ಯಾರ ಸ್ವತ್ತು ಎಂಬುದಕ್ಕೆ ಭಾರತದ ಸುಪ್ರೀಂ ಕೋರ್ಟ್ 1995ರ ಫೆಬ್ರವರಿ 9ರಂದು, ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕಿನ ಮೊಕದ್ದಮೆಯಲ್ಲಿ, ತರಂಗಗಳು ಸಾರ್ವಜನಿಕ ಸ್ವತ್ತು, ಸಾರ್ವಜನಿಕ ಹಿತಕ್ಕಾಗಿಯೇ ಅವುಗಳ ನಿಯಂತ್ರಣ ನಡೆಯಬೇಕು ಎಂದು ಉತ್ತರಿಸಿತು. ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಕೊಳ್ಳುವ ತರಂಗಗಳ ಮೇಲೆ ಅವಕ್ಕೆ ಕಾಲಮಿತಿಯ ಹಕ್ಕು ಇರುತ್ತದೆ. ವೈ-ಫೈ ಬಳಸುವ ಪಟ್ಟಿಗಳ ಮೇಲೆ ಯಾರಿಗೂ ಅಂಥ ಹಕ್ಕಿಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರ್ಕಾರ 2005ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಿತು. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಅದೇ ರೀತಿ ಬಿಟ್ಟುಕೊಟ್ಟಿತು. ಇಲ್ಲಿ ಯಾರೂ ಒಡೆಯರಲ್ಲ, ಎಲ್ಲರೂ ಬಳಸುವವರು. ಊರಿಗೆಲ್ಲ ಸೇರಿದ ಗೋಮಾಳವನ್ನು ಪ್ರತಿಯೊಬ್ಬರೂ ತಮ್ಮ ಲಾಭ ನೋಡಿಕೊಂಡು ಮೇಯಿಸಿದರೆ ಅದು ಹಾಳಾಗುವುದು ಖಂಡಿತವೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಸ್ವಿಟ್ಜರ್ಲೆಂಡಿನ ತೋರ್ಬೆಲ್ ಹಳ್ಳಿಯ ಹುಲ್ಲುಗಾವಲನ್ನೂ ಸ್ಪೇನಿನ ವಲೆನ್ಸಿಯಾದ ನೀರಾವರಿ ಕಾಲುವೆಗಳನ್ನೂ ಪರಿಶೀಲಿಸಿದ ಎಲಿನಾರ್ ಆಸ್ಟ್ರಮ್, ಜನರು ತಾವೇ ಕಟ್ಟಿಕೊಂಡ ಕಟ್ಟಳೆಗಳಿಂದ ಇಂಥ ಸ್ವತ್ತುಗಳು ಶತಮಾನಗಳ ಕಾಲ ಉಳಿದುಬಂದಿವೆ ಎಂದು 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಆಸ್ಟ್ರಮ್ ಅವರ ಉದಾಹರಣೆಗಳಲ್ಲಿ ಜನ ಒಬ್ಬರನ್ನೊಬ್ಬರು ಬಲ್ಲವರು, ಯಾರು ಹೆಚ್ಚು ನೀರು ಬಿಟ್ಟುಕೊಂಡರೆಂದು ಕಣ್ಣಾರೆ ನೋಡಬಲ್ಲವರು. ವೈ-ಫೈ ನೆರೆಯಲ್ಲಿ ಆ ಪರಿಚಯವೂ ಇಲ್ಲ, ಆ ನೋಟವೂ ಇಲ್ಲ. ಹಾಗಾಗಿ ಕಟ್ಟಳೆಯನ್ನು ಯಂತ್ರದೊಳಗೇ ಇಡಬೇಕಾಯಿತು.

ಆ ಕಟ್ಟಳೆ ಯಾವುದೆಂದರೆ ಮಾತಾಡುವ ಮೊದಲು ಕೇಳಿಸಿಕೊಳ್ಳುವುದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಮ್ಸನ್ ಮತ್ತು ಸಂಗಡಿಗರು ಕಟ್ಟಿದ ಅಲೋಹಾ ಜಾಲದಲ್ಲಿ ಪ್ರತಿಯೊಂದು ಸಾಧನವೂ ತನಗೆ ಬೇಕೆನಿಸಿದಾಗ ಪ್ರಸಾರ ಮಾಡಿ, ಕೆಟ್ಟುಹೋದರೆ ಸ್ವಲ್ಪ ಹೊತ್ತು ತಡೆದು ಮತ್ತೆ ಕಳುಹಿಸುತ್ತಿತ್ತು. ಹೀಗೆ ಕೇಳಿಸಿಕೊಳ್ಳದೆ ಮಾತಾಡುವವರ ಕೂಟದಲ್ಲಿ, ಎಷ್ಟೇ ಚೆನ್ನಾಗಿ ನಡೆದರೂ, ಒಟ್ಟು ಕಾಲದ ಸುಮಾರು ನೂರಕ್ಕೆ ಹದಿನೆಂಟು ಪಾಲು ಮಾತ್ರ ಸಾರ್ಥಕವಾಗುತ್ತದೆ ಎಂದು ಗಣಿತ ಹೇಳುತ್ತದೆ. ಇಂದಿನ ವೈ-ಫೈ ಸಾಧನ ಮೊದಲು ತನ್ನ ಚಾನೆಲ್ ಖಾಲಿ ಇದೆಯೇ ಎಂದು ಆಲಿಸುತ್ತದೆ. ಖಾಲಿ ಇದ್ದರೂ ತಕ್ಷಣ ನುಗ್ಗದೆ, ಸೊನ್ನೆಯಿಂದ ಹದಿನೈದರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು, ಒಂಬತ್ತು ಮೈಕ್ರೋಸೆಕೆಂಡಿನ ಅಷ್ಟು ತುಣುಕುಗಳನ್ನು ಕಾದು, ನಡುವೆ ಬೇರೆ ಯಾರಾದರೂ ಮಾತು ತೆಗೆದರೆ ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿ, ಅವರದು ಮುಗಿದ ಮೇಲೆ ಮುಂದುವರಿಸುತ್ತದೆ. ಕಳುಹಿಸಿದ್ದು ತಲುಪದಿದ್ದರೆ ಮುಂದಿನ ಸಲ ಕಾಯುವ ಮಿತಿ ಸುಮಾರು ಇಮ್ಮಡಿಯಾಗುತ್ತ 1023ರವರೆಗೂ ಏರುತ್ತದೆ. ಇಲ್ಲಿ ದೊಡ್ಡ ಮನೆ, ಸಣ್ಣ ಮನೆ ಎಂಬ ಭೇದವಿಲ್ಲ. ದುಬಾರಿ ರೂಟರಿಗೂ ಅಗ್ಗದ ರೂಟರಿಗೂ ಚೀಟಿ ಒಂದೇ.

ಚಾನೆಲ್ ಆಯ್ಕೆಯ ನೀತಿ ಈ ಆಲಿಸುವಿಕೆಯನ್ನೇ ಅವಲಂಬಿಸಿದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಭಾರತದಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿದ್ದು, ಒಂದೊಂದರ ನಡುಬಿಂದು ಹಿಂದಿನದಕ್ಕಿಂತ 5 ಮೆಗಾಹರ್ಟ್ಸ್ ಮಾತ್ರ ದೂರದಲ್ಲಿದೆ. ಪ್ರಸಾರಕ್ಕೆ ಬೇಕಾದ ಅಗಲವಾದರೋ ಸುಮಾರು 20 ಮೆಗಾಹರ್ಟ್ಸ್. ಹೀಗಾಗಿ ಒಂದರ ಮೇಲೊಂದು ಬೀಳದಿರಲೆಂದು ಸಾಮಾನ್ಯವಾಗಿ 1, 6 ಮತ್ತು 11ನ್ನು ಬಳಸುವ ರೂಢಿಯಿದೆ. ಒಂದು ಮನೆಯವರು 1ರಲ್ಲಿಯೂ 6ರಲ್ಲಿಯೂ ಜನಸಂದಣಿ ಕಂಡು, ನಡುವೆ ಖಾಲಿಯಂತೆ ತೋರುವ 3ನ್ನು ಆರಿಸಿಕೊಂಡರು ಎನ್ನೋಣ. 3ರ ನಡುಬಿಂದು 2422 ಮೆಗಾಹರ್ಟ್ಸ್; ಅದು ಎಡಕ್ಕೆ 1ರ ಮೇಲೂ ಬಲಕ್ಕೆ 6ರ ಮೇಲೂ ಹರಡಿಕೊಳ್ಳುತ್ತದೆ. 1ರಲ್ಲಿಯೇ ಕುಳಿತಿದ್ದರೆ ಅಲ್ಲಿನ ಸಾಧನಗಳು ಈ ಹೊಸಬರ ಮಾತನ್ನು ಮಾತೆಂದು ಗುರುತಿಸಿ ಸರದಿ ಬಿಡುತ್ತಿದ್ದವು. 3ರಿಂದ ಬಂದದ್ದು ಅವಕ್ಕೆ ಅರ್ಥವಾಗದ ಗದ್ದಲವಷ್ಟೇ. ನೆರೆಯವರಿಂದ ದೂರವಾದೆವೆಂದು ಭಾವಿಸಿದವರು ಎರಡು ಕಡೆಯ ನೆರೆಗೂ ಹೊರೆಯಾಗಿ, ತಾವೂ ಎರಡು ಕಡೆಯ ಗದ್ದಲವನ್ನು ಹೊರುತ್ತಾರೆ. ಕೇಳಿಸುವಷ್ಟು ಹತ್ತಿರ ಇದ್ದು ಸರದಿ ಹಂಚಿಕೊಳ್ಳುವುದು ಅರೆಬರೆ ದೂರ ಸರಿಯುವುದಕ್ಕಿಂತ ಮೇಲು ಎಂಬುದು ಏಕಾಂತವನ್ನೇ ಬಿಡುಗಡೆಯೆಂದು ಬಗೆಯುವ ಮನಸ್ಸಿಗೆ ಒಗ್ಗದ ಸತ್ಯ, ಆದರೂ ಸತ್ಯ. ಅಲ್ಲದೆ 1, 6, 11 ಎಂಬ ಮೇರೆಗಳನ್ನು ಆಕಾಶ ಬರೆದದ್ದಲ್ಲ. ಎಲ್ಲರೂ ಪಾಲಿಸಿದಷ್ಟು ಹೊತ್ತು ಮಾತ್ರ ಅವಕ್ಕೆ ಬೆಲೆ. ವೈಶೇಷಿಕರು ಉಪಾಧಿ ಎಂದಾಗ ಹೇಳಿದ ಮೇರೆಗಳು ಇಂಥವೇ.

ಅಗಲದ ವಿಷಯದಲ್ಲಿ ಪ್ರಶ್ನೆ ಇನ್ನೂ ನೇರವಾಗುತ್ತದೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೂಟರಿಗೆ 20, 40, 80 ಅಥವಾ 160 ಮೆಗಾಹರ್ಟ್ಸ್ ಅಗಲ ಕೊಡಬಹುದು. ಅಗಲ ಹೆಚ್ಚಿದಂತೆ ವೇಗ ಹೆಚ್ಚುತ್ತದೆ, ಆದರೆ ಅಷ್ಟೇ ಹೆಚ್ಚು ನೆರೆಯವರ ಜಾಗದೊಳಗೆ ಕಾಲಿಟ್ಟಂತೆಯೂ ಆಗುತ್ತದೆ. ಜೈನ ಗೃಹಸ್ಥರಿಗೆ ಹೇಳಿದ ಅಣುವ್ರತಗಳಲ್ಲಿ ಪರಿಗ್ರಹ-ಪರಿಮಾಣ, ಅಂದರೆ ತನ್ನಲ್ಲಿ ಇಟ್ಟುಕೊಳ್ಳುವುದಕ್ಕೆ ತಾನೇ ಮಿತಿ ಹಾಕಿಕೊಳ್ಳುವುದು, ಒಂದು. ಗುಣವ್ರತಗಳಲ್ಲಿ ಸೇರಿದ ಅನರ್ಥದಂಡ-ವಿರತಿ ಇನ್ನೂ ಸೂಕ್ಷ್ಮವಾದದ್ದು: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಮುಂತಾದ, ಯಾರಿಗೂ ಉಪಯೋಗವಾಗದ ಹಾನಿಯನ್ನು ಬಿಡುವುದು ಅದರ ತಿರುಳು. ಒಂದೇ ಮನೆಯಲ್ಲಿ ಮನೆಯವರಿಗೊಂದು, ಅತಿಥಿಗಳಿಗೊಂದು, ಕ್ಯಾಮೆರಾಗಳಿಗೊಂದು ಎಂದು ಮೂರು ಜಾಲದ ಹೆಸರುಗಳನ್ನು ತೆರೆದಿಟ್ಟರೆ, ಯಾರೂ ಬಳಸದಿದ್ದರೂ ಪ್ರತಿಯೊಂದು ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಇರವನ್ನು ಸಾರುತ್ತದೆ, 2.4 ಗಿಗಾಹರ್ಟ್ಸ್‌ನಲ್ಲಿ ಈ ಸಾರಿಕೆ ಹಳೆಯ ಸಾಧನಗಳಿಗೂ ತಿಳಿಯಲೆಂದು ಬಹುಪಾಲು ಅತಿ ನಿಧಾನದ ವೇಗದಲ್ಲಿ ನಡೆಯುವುದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ. ಪ್ರಸಾರದ ಶಕ್ತಿಯನ್ನು ಗರಿಷ್ಠಕ್ಕೆ ಏರಿಸಿಡುವುದೂ ಬಹುಮಟ್ಟಿಗೆ ಇದೇ ಜಾತಿಯದು, ಏಕೆಂದರೆ ರೂಟರ್ ಎಷ್ಟು ಗಟ್ಟಿಯಾಗಿ ಕೂಗಿದರೂ ಫೋನು ತನ್ನ ಸಣ್ಣ ದನಿಯಲ್ಲೇ ಉತ್ತರಿಸಬೇಕು. ಮನೆಯವರಿಗೆ ಸಿಗುವುದು ಅಲ್ಪ. ಮೂರನೆಯ ಮಹಡಿಯ ಮಾತು ಮಾತ್ರ ಬೇರೆ ಮಹಡಿಯವರನ್ನು ಕಾಯಿಸೀತು.

ಇಲ್ಲಿಯವರೆಗಿನದು ಸಮಾನರ ನಡುವಿನ ನೀತಿ; ಅದರಲ್ಲಿ ಕೊಡುವುದಕ್ಕೂ ಪಡೆಯುವುದಕ್ಕೂ ಲೆಕ್ಕ ಸಿಗುತ್ತದೆ. ಆದರೆ ಯಂತ್ರದ ಆಲಿಸುವಿಕೆಯೊಳಗೆ ಒಂದು ಪಕ್ಷಪಾತ ಅಡಗಿದೆ. 20 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ ವೈ-ಫೈ ಸಾಧನವು ಇನ್ನೊಂದು ವೈ-ಫೈ ಮಾತನ್ನು ಮೈನಸ್ 82 ಡಿಬಿಎಂನಷ್ಟು ಕ್ಷೀಣವಾಗಿ ಬಂದರೂ ಗುರುತಿಸಿ ಸುಮ್ಮನಾಗಬೇಕು. ತನಗೆ ತಿಳಿಯದ ಬೇರೆ ಬಗೆಯ ತರಂಗಕ್ಕಾದರೆ ಮೈನಸ್ 62 ಡಿಬಿಎಂ ಮುಟ್ಟಿದಾಗ ಮಾತ್ರ. ಡಿಬಿಎಂ ಎಂಬುದು ಶಕ್ತಿಯ ಅಳತೆ, ಅದರಲ್ಲಿ ಇಪ್ಪತ್ತರ ಅಂತರವೆಂದರೆ ನೂರು ಪಟ್ಟು. ಅಂದರೆ ತನ್ನ ಭಾಷೆಯವರ ಪಿಸುಮಾತಿಗೂ ಮಣಿಯುವ ಸಾಧನ, ಅನ್ಯರು ಅದಕ್ಕಿಂತ ನೂರು ಪಟ್ಟು ಗಟ್ಟಿಯಾಗಿ ಕೇಳಿಸುವವರೆಗೂ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನುಷ್ಯರ ನೀತಿಯೂ ಬಹಳ ಸಲ ಹೀಗೆಯೇ ಇದೆ ಎಂಬುದು ನೋವಿನ ಸಂಗತಿ. ನಮಗೆ ಪ್ರತಿಯಾಗಿ ಏನನ್ನೂ ಮಾಡಲಾಗದಷ್ಟು ದುರ್ಬಲರಾದ ಜೀವಿಗಳು ನಮ್ಮ ನಡುವೆ ಇದ್ದರೆ ಅವರಿಗೆ ನಾವು ಕರುಣೆ ತೋರಬೇಕಾದೀತು, ಆದರೆ ನ್ಯಾಯದ ಋಣ ಇರಲಾರದು ಎಂದು ಡೇವಿಡ್ ಹ್ಯೂಮ್ 1751ರಲ್ಲಿ ಬರೆದರು. ಪರಸ್ಪರತೆಯನ್ನೇ ನ್ಯಾಯದ ಬುನಾದಿ ಮಾಡಿಕೊಂಡ ಎಲ್ಲ ಸಿದ್ಧಾಂತಗಳೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ಒಂದೇ ಇಂದ್ರಿಯವಿರುವ ಜೀವಕ್ಕೂ ಋಣವಿದೆಯೆಂದ ಜೈನರು ಇದನ್ನು ಒಪ್ಪುವಂತಿರಲಿಲ್ಲ. ಈ ಒಂದು ವಿಷಯದಲ್ಲಿ ಅವರ ನೋಟವೇ ಹೆಚ್ಚು ದೂರ ಹೋಗುತ್ತದೆ ಎನ್ನದೆ ವಿಧಿಯಿಲ್ಲ.

5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಆ ಅನ್ಯರು ಯಾರೆಂದರೆ ರಾಡಾರುಗಳು. 52ರಿಂದ 64 ಮತ್ತು 100ರಿಂದ 144ರವರೆಗಿನ ಚಾನೆಲ್‌ಗಳ ಜಾಗವನ್ನು ಹವಾಮಾನ ಹಾಗೂ ಮಿಲಿಟರಿ ರಾಡಾರುಗಳು ವೈ-ಫೈಗಿಂತ ಬಹಳ ಮೊದಲಿನಿಂದ ಬಳಸುತ್ತ ಬಂದಿವೆ. ಅಮೆರಿಕದ ವಿಮಾನ ನಿಲ್ದಾಣಗಳ ಬಳಿ 5600ರಿಂದ 5650 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಡಾಪ್ಲರ್ ರಾಡಾರುಗಳು ಬಂದದ್ದಕ್ಕೆ ಒಂದು ದುಃಖದ ಹಿನ್ನೆಲೆಯಿದೆ. 1985ರ ಆಗಸ್ಟ್ 2ರಂದು ಡಲ್ಲಾಸ್–ಫೋರ್ಟ್ ವರ್ತ್ ನಿಲ್ದಾಣದಲ್ಲಿ ಇಳಿಯುತ್ತಿದ್ದ ವಿಮಾನವೊಂದು ಮೋಡದಿಂದ ನೆಲಕ್ಕೆ ಬಡಿದು ಸುತ್ತ ಹರಡುವ ರಭಸದ ಗಾಳಿಗೆ ಸಿಕ್ಕಿ, ಮೊದಲು ಎದುರುಗಾಳಿ, ಮರುಗಳಿಗೆ ಹಿಂಗಾಳಿ ಎಂಬಂತೆ ಆಧಾರ ಕಳೆದುಕೊಂಡು ಬಿದ್ದು, 130ಕ್ಕೂ ಹೆಚ್ಚು ಜನ ಸತ್ತರು. ಅಂಥ ಗಾಳಿಯನ್ನು ಮುಂಚೆಯೇ ಕಾಣಬೇಕೆಂದು ಕಟ್ಟಿದ ರಾಡಾರು ಸುಮಾರು 250 ಕಿಲೋವ್ಯಾಟ್ ಶಕ್ತಿಯ ಸ್ಪಂದವೊಂದನ್ನು ಮೈಕ್ರೋಸೆಕೆಂಡಿನ ಅಳತೆಯಲ್ಲಿ ಹೊರಡಿಸಿ, ಆಮೇಲೆ ಸುಮ್ಮನಾಗಿ, ಮಳೆಹನಿಗಳಿಂದ ಮರಳುವ ಅತ್ಯಂತ ಕ್ಷೀಣವಾದ ಪ್ರತಿಧ್ವನಿಗೆ ಕಿವಿಗೊಡುತ್ತದೆ. ರಾಡಾರಿನೊಡನೆ ಸರದಿ ಹಂಚಿಕೊಳ್ಳಲು ಬರುವುದಿಲ್ಲ ಎನ್ನುವುದು ಇದಕ್ಕಾಗಿಯೇ: ಅದು ಸುಮ್ಮನಿರುವ ಹೊತ್ತೇ ಅದರ ಕೆಲಸದ ಹೊತ್ತು. ಪೋರ್ಟೊ ರಿಕೊದ ಸಾನ್ ಹ್ವಾನ್ ನಗರದ ರಾಡಾರಿಗೆ ಅಡಚಣೆಯಾದಾಗ 2009ರಿಂದ ಅಮೆರಿಕದ ಸರ್ಕಾರಿ ಎಂಜಿನಿಯರುಗಳು ನಡೆಸಿದ ತನಿಖೆ, ಎತ್ತರದ ಜಾಗಗಳಲ್ಲಿ ಹೊರಾಂಗಣದಲ್ಲಿ ಕೂರಿಸಿದ ಲೈಸೆನ್ಸ್‌ರಹಿತ 5 ಗಿಗಾಹರ್ಟ್ಸ್ ಸಾಧನಗಳ ಕಡೆಗೆ ಬೊಟ್ಟು ಮಾಡಿತು. ಅಂಥ ಒಂದು ಸಾಧನ ಇರುವ ದಿಕ್ಕಿನಲ್ಲಿ ರಾಡಾರಿನ ಪರದೆಯ ಮೇಲೆ ನಡುವಿನಿಂದ ಅಂಚಿನವರೆಗೆ ಒಂದು ಗೆರೆ ಮೂಡುತ್ತದೆ. ಆ ಗೆರೆಯ ಹಿಂದೆ ಮಳೆ ಇದೆಯೋ ಗಾಳಿ ಇದೆಯೋ ಹೇಳುವಂತಿರುವುದಿಲ್ಲ.

2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನ ಈ ಚಾನೆಲ್‌ಗಳನ್ನು ವೈ-ಫೈಗೆ ತೆರೆದದ್ದು ಒಂದು ವ್ರತದ ಮೇಲೆ ಎಂದರೆ ತಪ್ಪಾಗದು. ರೂಟರ್ ಅಲ್ಲಿ ಒಂದು ಮಾತನ್ನೂ ಆಡುವ ಮೊದಲು ಅರವತ್ತು ಸೆಕೆಂಡು ಆಲಿಸಬೇಕು. ಯುರೋಪಿನಲ್ಲಿ ಹವಾಮಾನ ರಾಡಾರಿನ ಜಾಗವಾದರೆ ಹತ್ತು ನಿಮಿಷ. ಬಳಸುತ್ತಿರುವಾಗ ರಾಡಾರಿನ ಸ್ಪಂದ ಕೇಳಿಸಿದರೆ ಹತ್ತು ಸೆಕೆಂಡಿನೊಳಗೆ ಆ ಚಾನೆಲ್ ಬಿಟ್ಟು ಹೋಗಬೇಕು, ಮತ್ತೆ ಮೂವತ್ತು ನಿಮಿಷ ಅತ್ತ ಸುಳಿಯಬಾರದು. ಹೆಜ್ಜೆ ಇಡುವ ಮೊದಲು ಮುಂದಿನ ನೆಲವನ್ನು ನೋಡಿಕೊಳ್ಳಬೇಕೆಂಬ ಜೈನರ ಈರ್ಯಾಸಮಿತಿಯಲ್ಲಿ ಇರುವ ತತ್ತ್ವವೇ ಇಲ್ಲಿಯೂ ಇದೆ: ಜೀವ ಇದೆಯೆಂದು ಖಚಿತವಾದ ಮೇಲೆ ನಿಲ್ಲುವುದಲ್ಲ, ಇಲ್ಲವೆಂದು ನೋಡಿಕೊಂಡ ಮೇಲೆ ನಡೆಯುವುದು. ಸಾಕ್ಷ್ಯದ ಹೊರೆ ಹೆಜ್ಜೆ ಇಡುವವರ ಮೇಲಿದೆ. ಈ ಒಂದು ನಿಮಿಷದ ಕಾಯುವಿಕೆಯನ್ನು ತಪ್ಪಿಸಿಕೊಳ್ಳಲು, ಇಲ್ಲವೇ ಶಕ್ತಿಯ ಮಿತಿಯನ್ನು ಮೀರಲು, ರೂಟರಿನಲ್ಲಿ ತಾವಿರುವ ದೇಶದ ಬದಲು ಬೇರೊಂದು ದೇಶವನ್ನು ಆರಿಸುವವರಿದ್ದಾರೆ. ಮನೆಯೊಳಗಿನ ಸಣ್ಣ ರೂಟರ್, ಕಾಂಕ್ರೀಟ್ ಗೋಡೆಗಳ ಹಿಂದಿನಿಂದ, ದೂರದ ರಾಡಾರಿಗೆ ಏನು ಮಾಡೀತು ಎಂಬ ಅವರ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಬಹುತೇಕ ಮನೆಗಳ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ತಮ್ಮ ಮನೆ ಆ ಬಹುತೇಕದಲ್ಲಿ ಸೇರಿದೆಯೆಂದು ತಿಳಿಯುವ ದಾರಿ ಆಲಿಸುವುದೊಂದೇ, ಅವರು ಬಿಟ್ಟದ್ದೂ ಅದನ್ನೇ. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಸೇರಿಸುತ್ತದೆ. ಎಚ್ಚರದಿಂದ ನಡೆದವರ ಕಾಲಡಿ ಅರಿವಿಗೆ ಬಾರದೆ ಜೀವವೊಂದು ಸತ್ತರೂ ಅದು ಅದೇ ಅರ್ಥದ ಹಿಂಸೆಯಲ್ಲ, ಎಚ್ಚರವಿಲ್ಲದೆ ನಡೆದವರು ಯಾರನ್ನೂ ತುಳಿಯದಿದ್ದರೂ ನಿರ್ದೋಷಿಗಳಲ್ಲ ಎಂದು ಟೀಕಾಕಾರರು ಬಿಡಿಸಿ ಹೇಳಿದ್ದಾರೆ. ದೇಶವನ್ನು ಬದಲಿಸಿದವರ ದೋಷ ಫಲಕ್ಕಾಗಿ ಕಾಯುವುದಿಲ್ಲ.

ಆಲಿಸುವಿಕೆಗೂ ಮಿತಿಯಿದೆ. 1975ರಲ್ಲಿ ಫೌವಾದ್ ತೊಬಾಗಿ ಮತ್ತು ಲೆನಾರ್ಡ್ ಕ್ಲೈನ್‌ರಾಕ್ ವಿವರಿಸಿದ ಮರೆಯ ಸಾಧನದ ಸಮಸ್ಯೆ ಅದನ್ನು ತೋರಿಸುತ್ತದೆ: ಎರಡು ತುದಿಗಳಲ್ಲಿರುವವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದಿದ್ದರೂ ನಡುವಿನವರಿಗೆ ಇಬ್ಬರದೂ ಕೇಳಿಸುತ್ತದೆ; ಇಬ್ಬರೂ ಶ್ರದ್ಧೆಯಿಂದ ಆಲಿಸಿ, ಖಾಲಿ ಇದೆಯೆಂದು ಪ್ರಾಮಾಣಿಕವಾಗಿ ನಂಬಿ ಮಾತಾಡಿದರೂ ನಡುವಿನವರ ಕಿವಿಯಲ್ಲಿ ಎರಡೂ ಕೆಡುತ್ತವೆ. ವೈ-ಫೈಯಲ್ಲಿ ಇದಕ್ಕೆ ಇರುವ ಪರಿಹಾರವೆಂದರೆ ಕಳುಹಿಸುವವರು ಮೊದಲು ಅಪ್ಪಣೆ ಕೇಳುವುದು, ಕೇಳುವ ಸಾಧನ ಎಲ್ಲರಿಗೂ ತಿಳಿಯುವಂತೆ ಅಪ್ಪಣೆ ಕೊಡುವುದು. ತೀರ್ಮಾನದ ಅಧಿಕಾರ ಹಾನಿ ಸಂಭವಿಸಬಹುದಾದ ಜಾಗಕ್ಕೇ, ಅಂದರೆ ಕೇಳುವವರಿಗೇ, ಸೇರುವ ಈ ವ್ಯವಸ್ಥೆ ನ್ಯಾಯದ ದೃಷ್ಟಿಯಿಂದ ಎಲ್ಲಕ್ಕಿಂತ ಮೇಲಿನದು, ಆದರೆ ಅದು ಮಾತು ಬಲ್ಲವರ ನಡುವೆ ಮಾತ್ರ ನಡೆದೀತು.

ಹಾಗಾದರೆ ರಾಡಾರಿನ ಚಾನೆಲ್‌ಗಳಿಂದ ದೂರವೇ ಉಳಿಯುವುದು ಹೆಚ್ಚು ಧರ್ಮಸಮ್ಮತವಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಮೇಲುನೋಟಕ್ಕೆ ಹೌದೆನಿಸಿದರೂ ಲೆಕ್ಕ ಬೇರೆಯೇ ಇದೆ. ಆ ಚಾನೆಲ್‌ಗಳನ್ನು ಬಿಟ್ಟರೆ 80 ಮೆಗಾಹರ್ಟ್ಸ್ ಅಗಲಕ್ಕೆ 36ರಿಂದ 48 ಮತ್ತು 149ರಿಂದ 161 ಎಂಬ ಎರಡೇ ತುಂಡುಗಳು ಉಳಿಯುತ್ತವೆ; ಕಾಯಲು ಮನಸ್ಸಿಲ್ಲದ ಇಡೀ ಕಟ್ಟಡ ಅಲ್ಲಿಯೇ ಮುಗಿಬಿದ್ದಾಗ, ರಾಡಾರನ್ನು ಗುರುತಿಸುವ ಸವಲತ್ತಿಲ್ಲದ ಅಗ್ಗದ ರೂಟರುಗಳ ಮನೆಯವರಿಗೆ ಹೋಗಲು ಬೇರೆ ಜಾಗವೇ ಇರುವುದಿಲ್ಲ. ಸವಲತ್ತಿರುವ ರೂಟರಿನವರು, ವಿಮಾನ ನಿಲ್ದಾಣ ಅಥವಾ ಹವಾಮಾನ ರಾಡಾರಿನ ನೆರೆಯಲ್ಲಿ ಇಲ್ಲದಿದ್ದರೆ, ದೇಶವನ್ನು ಸರಿಯಾಗಿ ನಮೂದಿಸಿ 52ಕ್ಕೋ 100ಕ್ಕೋ ಹೋಗಿ, ಕರೆಂಟ್ ಹೋಗಿ ಬಂದಾಗಲೆಲ್ಲ ಆ ಒಂದು ನಿಮಿಷ ಕಾಯುವುದು ಅಕ್ಕಪಕ್ಕದವರ ಪಾಲಿಗೆ ನಿಜವಾದ ಉಪಕಾರ. ರಾಡಾರು ಹತ್ತಿರವಿದ್ದು ರೂಟರ್ ಮತ್ತೆ ಮತ್ತೆ ಜಾಗ ಬಿಟ್ಟೇಳಬೇಕಾದ ಮನೆಗಳಲ್ಲಿ ಮಾತ್ರ 36ಕ್ಕೆ ಮರಳಿ, ಅಗಲವನ್ನು 40ಕ್ಕೆ ಇಳಿಸಿಕೊಂಡು, ಅಲ್ಲಿರುವವರ ಜೊತೆ ಸರದಿಗೆ ನಿಲ್ಲುವುದು ಸರಿಯಾದೀತು.